ತಪ್ಪಿ ಕುಡಿದ ದಿನವೇ ಬಾಗಿಲು ಹಾಕಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಕುಡಿತದ ಚಿಕಿತ್ಸೆ ಬಗ್ಗೆ ಒಂದು ಪತ್ರ ಬಂದಿತ್ತು. ಒಂದು ಸಲ ಚಿಕಿತ್ಸೆ ಪಡೆದು ಮನೆಗೆ ಹೋಗಿ ಮತ್ತೆ ಕುಡಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎರಡನೇ ಸಲ ಹಾಸಿಗೆ ಕೊಡಬಾರದು, ಅದು ನಿಜವಾದ ರೋಗಿಗಳ ಪಾಲು ಅಂತ ಅವರು ಬರೆದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆರು ವರ್ಷದ ಹಿಂದೆ ಆಗಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ. ಆದರೆ ಈಗ ಸುಮ್ನೆ ಇರೋಕೆ ಆಗುತ್ತಿಲ್ಲ, ಯಾಕೆಂದರೆ ಅವರು ಹೇಳಿದ ಆ 'ಮತ್ತೆ ಕುಡಿದವರು' ಅನ್ನೋರಲ್ಲಿ ನನ್ನ ತಮ್ಮನೂ ಒಬ್ಬ.

ನಾನು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮದುವೆಯಾಗಿ ಮಂಡ್ಯದಲ್ಲಿದ್ದೇನೆ. ಅವ್ವ ಮತ್ತು ತಮ್ಮ ಊರಲ್ಲಿದ್ದಾರೆ. ಅವನಿಗೆ ಈಗ 31 ವರ್ಷ. ಒಂದೂವರೆ ಎಕರೆ ಕಬ್ಬು, ಎರಡು ಹಸು. ಕೈಗೆಲಸದಲ್ಲಿ ಬಲು ಜಾಣ, ಊರಲ್ಲಿ ಯಾರ ಪಂಪ್‌ಸೆಟ್ ಕೆಟ್ಟರೂ ಇವನನ್ನೇ ಕರೆಯುತ್ತಾರೆ.

ಕುಡಿತ ಶುರುವಾಗಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಆದರೆ ಕುಡಿತಕ್ಕಿಂತ ಮುಂಚೆಯೇ ಅವನಲ್ಲಿ ಇನ್ನೊಂದು ಇತ್ತು, ನಾವು ಅದಕ್ಕೆ 'ಮೂಗಿನ ತುದೀಲಿ ಕೋಪ' ಅಂತ ಹೆಸರಿಟ್ಟು ಸುಮ್ಮನಾಗಿದ್ದೆವು. ಗೆಳೆಯ ಒಂದು ಸಲ ಫೋನ್ ಎತ್ತದಿದ್ದರೆ ಸಾಕು, ಅವನೂ ನನ್ನ ಬಿಟ್ಟುಬಿಟ್ಟ ಅಂತ ದಿನವೆಲ್ಲಾ ಊಟ ಬಿಡುತ್ತಿದ್ದ. ಬೆಳಗ್ಗೆ ದೇವರಂಥವರು ಅಂದವರನ್ನೇ ಸಂಜೆ ಹೊತ್ತಿಗೆ ಮುಖ ನೋಡಲ್ಲ ಅನ್ನುತ್ತಿದ್ದ. ಒಳಗೆಲ್ಲಾ ಖಾಲಿ ಖಾಲಿ ಅನ್ನಿಸುತ್ತೆ ಅಂತ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾನೆ, ನಾನು ಅದನ್ನು ಹಸಿವು ಅಂದುಕೊಂಡು ತಟ್ಟೆ ಮುಂದಿಡುತ್ತಿದ್ದೆ. ಸಂಕಟ ತಡೆಯೋಕಾಗದೆ ತನ್ನ ಮೈಗೆ ತಾನೇ ಗಾಯ ಮಾಡಿಕೊಂಡಾಗ ಮಾತ್ರ ನಾವು ಹೆದರಿದೆವು.

ಮೊದಲು ಸೇರಿಸಿದ್ದು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ. ಊರು, ಹೆಸರು ಬೇಡ. ಹನ್ನೆರಡನೇ ದಿನ ಅಲ್ಲಿಯೂ ಗಾಯ ಮಾಡಿಕೊಂಡ. ಅವರು ನಮಗೆ ಫೋನ್ ಮಾಡಿ, ಇವನದ್ದು ಬರೀ ಕುಡಿತ ಅಲ್ಲ, ಮನೋರೋಗ, ನಮ್ಮ ಕೈಲಿ ಆಗಲ್ಲ, ಕರ್ಕೊಂಡು ಹೋಗಿ ಅಂದರು. ಒಂದು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ, ಮೊದಲು ಕುಡಿತ ಬಿಡಿಸ್ಕೊಂಡು ಬನ್ನಿ, ಕುಡಿಯುತ್ತಿರುವಾಗ ಮನಸ್ಸಿನ ಚಿಕಿತ್ಸೆ ಹಿಡಿಯಲ್ಲ ಅಂದರು. ಮತ್ತೆ ಕೇಂದ್ರ, ಮತ್ತೆ ಆಸ್ಪತ್ರೆ. ಹೀಗೆ ಎರಡು ಬಾಗಿಲ ನಡುವೆ ಅವ್ವ ಮೂರು ವರ್ಷ ಓಡಾಡಿದಳು. ಒಂದು ಕಡೆ ಅವನು ತಪ್ಪಿ ಒಂದು ದಿನ ಕುಡಿದು ಬಂದ ಅಂತ ಬಟ್ಟೆ ಚೀಲ ಸಮೇತ ಗೇಟಿನ ಹೊರಗೆ ನಿಲ್ಲಿಸಿದ್ದರು. ಕುಡಿತ ಬಿಡೋಕಾಗಲ್ಲ ಅಂತ ಸೇರಿದವನನ್ನು, ಕುಡಿದ ಅಂತ ಹೊರಗೆ ಹಾಕೋದು ಎಂಥ ಚಿಕಿತ್ಸೆ ಹೇಳಿ. ಕೆಮ್ಮಿದ ಅಂತ ಕ್ಷಯದ ರೋಗಿಯನ್ನು ಯಾರಾದರೂ ವಾರ್ಡಿನಿಂದ ಓಡಿಸುತ್ತಾರಾ?

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ವೈದ್ಯರು ಮತ್ತು ಒಬ್ಬ ಆಪ್ತ ಸಮಾಲೋಚಕಿ ಸಿಕ್ಕಿದರು. ಇದಕ್ಕೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಅನ್ನುತ್ತಾರೆ, ಕುಡಿತವೂ ಇದೂ ಒಂದಕ್ಕೊಂದು ಹೆಣೆದುಕೊಂಡಿವೆ, ಎರಡನ್ನೂ ಒಟ್ಟಿಗೇ ನೋಡಬೇಕು ಅಂದರು. ಕನ್ನಡದಲ್ಲಿ ಇದನ್ನು 'ವ್ಯಕ್ತಿತ್ವ ದೋಷ' ಅಂತ ಬರೆಯುತ್ತಾರೆ. ದಯವಿಟ್ಟು ಪತ್ರಿಕೆಯವರು ಆ ಪದ ಬಿಡಿ. ತಮ್ಮ ಆಸ್ಪತ್ರೆ ಚೀಟಿಯಲ್ಲಿ ಅದನ್ನು ಓದಿ, "ಅಂಗಾರೆ ನಾನೇ ದೋಸ ಅಂತ ಬರ್ದವ್ರೆ" ಅಂದ. ಅದನ್ನು ಸರಿಮಾಡೋಕೆ ಸಮಾಲೋಚಕಿಗೆ ಒಂದಿಡೀ ಭೇಟಿ ಹಿಡಿಯಿತು. ಅವತ್ತು ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. ಇವರು ಮೈಯೆಲ್ಲಾ ಸುಟ್ಟ ಗಾಯದವರ ಹಾಗೆ, ಬೇರೆಯವರಿಗೆ ತಂಗಾಳಿ ಅನ್ನಿಸೋದು ಇವರಿಗೆ ಉರಿ, ಆ ಉರಿಗೆ ಸಿಕ್ಕ ಔಷಧಿ ಅಂದರೆ ಕುಡಿತ.

ಸುಟ್ಟ ಗಾಯದ ಆ ಹೋಲಿಕೆ ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹಾನ್ ಅವರದ್ದು ಅಂತ ಆಮೇಲೆ ಗೊತ್ತಾಯಿತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದವರು. ಮತ್ತೆ ಮತ್ತೆ ಜೀವ ತೆಗೆದುಕೊಳ್ಳಲು ಹೋಗುತ್ತಿದ್ದ ಹೆಂಗಸರಿಗೋಸ್ಕರ ಅವರು ಕಟ್ಟಿದ ಚಿಕಿತ್ಸೆಯೇ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ. ಅದರ ಮೊದಲ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಿದ್ದು 1991ರಲ್ಲಿ. ವಾರಕ್ಕೊಮ್ಮೆ ಒಬ್ಬರೇ ಕೂತು ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ, ಮಧ್ಯದಲ್ಲಿ ಕಷ್ಟ ಬಂದರೆ ಚಿಕಿತ್ಸಕರಿಗೆ ಫೋನ್, ಹೀಗೆ ಸಾಮಾನ್ಯವಾಗಿ ಒಂದು ವರ್ಷ. ಸಂಕಟ ಬಂದಾಗ ಅದನ್ನು ಹೆಚ್ಚು ಮಾಡದೆ ತಡೆದುಕೊಳ್ಳೋದು, ಸಿಟ್ಟು ದುಃಖ ಗುರುತಿಸೋದು, ಜನರ ಜತೆ ಜಗಳವಿಲ್ಲದೆ ಬೇಕಾದ್ದು ಕೇಳೋದು, ಈ ಕ್ಷಣದಲ್ಲಿ ನಿಲ್ಲೋದು, ಇವನ್ನು ಶಾಲೆಯಲ್ಲಿ ಕಲಿಸಿದ ಹಾಗೆ ಕಲಿಸುತ್ತಾರೆ. ಎಲ್ಲದರ ಬುಡದಲ್ಲಿ ಒಂದೇ ಮಾತು: ನೀನು ಈಗ ಹೀಗಿರೋದಕ್ಕೆ ಕಾರಣ ಇದೆ, ಅದನ್ನು ಒಪ್ಪುತ್ತೇನೆ, ಆದರೂ ನೀನು ಬದಲಾಗಲೇಬೇಕು. ಎರಡೂ ಒಟ್ಟಿಗೆ. 2011ರಲ್ಲಿ ಲಿನೆಹಾನ್, ಚಿಕ್ಕ ವಯಸ್ಸಿನಲ್ಲಿ ತಾನೂ ಇದೇ ಸಂಕಟದಲ್ಲಿ ಆಸ್ಪತ್ರೆಯಲ್ಲಿ ಕಾಲ ಕಳೆದವಳು ಅಂತ ಬಹಿರಂಗವಾಗಿ ಹೇಳಿದರು. ಅದನ್ನು ತಮ್ಮನಿಗೆ ಓದಿ ಹೇಳಿದ ದಿನ ಅವನು ಎರಡು ಸಲ ಕೇಳಿದ, "ಡಾಕ್ಟ್ರಮ್ಮನಿಗೂ ಇತ್ತಾ?"

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇದೇ ಚಿಕಿತ್ಸೆಯನ್ನು ವ್ಯಸನವೂ ಇರುವವರಿಗೆ ಕೊಡುವಾಗ ಲಿನೆಹಾನ್ ಮತ್ತು ಅವರ ಜತೆಯವರು ಅದನ್ನು ಹಾಗೇ ಕೊಡಲಿಲ್ಲ. ಬದಲಾಯಿಸಿದರು. ಯಾಕೆಂದರೆ ಈ ರೋಗಿಗಳು ಚಿಟ್ಟೆಗಳ ಹಾಗೆ, ಒಂದು ವಾರ ಬರುತ್ತಾರೆ, ಎರಡು ವಾರ ಕಾಣಲ್ಲ. ನಾವೇನು ಮಾಡುತ್ತೇವೆ? ಬರದವರ ಹೆಸರು ಹೊಡೆದುಹಾಕುತ್ತೇವೆ. ಲಿನೆಹಾನ್ ಅವರ ಕಡೆಯವರು ಹುಡುಕಿಕೊಂಡು ಹೋಗುವುದನ್ನೇ ಚಿಕಿತ್ಸೆಯ ಭಾಗ ಮಾಡಿದರು. ಮೊದಲ ತಿಂಗಳುಗಳಲ್ಲಿ ಜಾಸ್ತಿ ಫೋನ್, ಬೇಕಾದರೆ ಆಸ್ಪತ್ರೆಯ ಹೊರಗೆ ಭೇಟಿ, ಒಂದು ಗಂಟೆ ಕೂರೋಕಾಗದವನಿಗೆ ಚಿಕ್ಕ ಭೇಟಿ, ಕಾಣೆಯಾದರೆ ಎಲ್ಲಿ ಹುಡುಕಬೇಕು ಅಂತ ಮೊದಲೇ ಮನೆಯವರ, ಗೆಳೆಯರ ಹೆಸರು ಬರೆದುಕೊಳ್ಳುವುದು. 1999ರಲ್ಲಿ ಬಂದ ಅವರ ಅಧ್ಯಯನದಲ್ಲಿ ಇದ್ದದ್ದು 28 ಹೆಂಗಸರು, ಎಲ್ಲರಿಗೂ ಮಾದಕ ವ್ಯಸನ ಮತ್ತು ಬಾರ್ಡರ್‌ಲೈನ್ ಎರಡೂ ಇತ್ತು. ಮಾಮೂಲಿ ಚಿಕಿತ್ಸೆಗೆ ಹೋದವರಲ್ಲಿ ನೂರಕ್ಕೆ 73 ಜನ ಅರ್ಧಕ್ಕೇ ಬಿಟ್ಟರು. ಬದಲಾಯಿಸಿದ ಡಿಬಿಟಿಯಲ್ಲಿ ಬಿಟ್ಟವರು ನೂರಕ್ಕೆ 36. ವ್ಯಸನವೂ ಇವರಲ್ಲೇ ಜಾಸ್ತಿ ಇಳಿಯಿತು.

ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಆಗುತ್ತೆ. 2002ರಲ್ಲಿ ಹೆರಾಯಿನ್ ವ್ಯಸನವಿದ್ದ 23 ಹೆಂಗಸರ ಮೇಲೆ ಇನ್ನೊಂದು ಅಧ್ಯಯನ ಬಂತು. ಒಂದು ಗುಂಪಿಗೆ ಡಿಬಿಟಿ. ಇನ್ನೊಂದು ಗುಂಪಿಗೆ ಬದಲಾಗು ಅನ್ನುವ ಒತ್ತಡವಿಲ್ಲದೆ ಅವರ ಸಂಕಟವನ್ನು ಒಪ್ಪಿ ಕೇಳುವ ಚಿಕಿತ್ಸೆ, ಜತೆಗೆ ವ್ಯಸನ ಇದ್ದವರೇ ಸೇರಿ ಒಬ್ಬರಿಗೊಬ್ಬರು ನೆರವಾಗುವ 'ಹನ್ನೆರಡು ಹೆಜ್ಜೆ'ಯ ಸಭೆಗಳು. ಆ ಎರಡನೇ ಗುಂಪಿನಲ್ಲಿ ಒಬ್ಬರೂ ಬಿಟ್ಟು ಹೋಗಲಿಲ್ಲ! ಡಿಬಿಟಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಬಿಟ್ಟರು. ಆದರೆ ವರ್ಷದ ಕೊನೆಯ ತಿಂಗಳುಗಳಲ್ಲಿ ಒಪ್ಪಿ ಕೇಳುವ ಗುಂಪಿನಲ್ಲಿ ಹೆರಾಯಿನ್ ಮತ್ತೆ ಏರಿತು, ಡಿಬಿಟಿಯವರಲ್ಲಿ ಇಳಿದದ್ದು ಇಳಿದ ಹಾಗೇ ನಿಂತಿತು. ನನಗೆ ಇದರಿಂದ ತಿಳಿದದ್ದು ಇಷ್ಟು. ಜನ ಚಿಕಿತ್ಸೆಯಲ್ಲಿ ಉಳಿಯೋದು ಯಾರೋ ತಮ್ಮ ಮಾತು ನಂಬಿ ಕೇಳಿದಾಗ. ಗುಣ ಉಳಿಯೋದು ಏನಾದರೂ ಕಲಿತಾಗ. ಎರಡೂ ಬೇಕು. ಇವು ಸಣ್ಣ ಅಧ್ಯಯನಗಳು, ಅಲ್ಲಿಯ ಹೆಂಗಸರ ಮೇಲೆ ಮಾಡಿದ್ದು. ಮಂಡ್ಯ ಜಿಲ್ಲೆಯಲ್ಲಿ ಕ್ವಾರ್ಟರ್ ಕುಡಿಯುವ ಗಂಡಸಿಗೆ ಅದನ್ನು ಎತ್ತಿಟ್ಟರೆ ಕೂರಲ್ಲ. ಅವರು ಅವರ ಜನಕ್ಕೆ ಬದಲಾಯಿಸಿಕೊಂಡ ಹಾಗೆ ನಾವು ನಮ್ಮ ಜನಕ್ಕೆ ಬದಲಾಯಿಸಿಕೊಳ್ಳಬೇಕು.

ಅವರು ಮಾಡಿದ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಪ್ಪಿ ಕುಡಿದ ದಿನದ ಬಗ್ಗೆ. ಕುಡಿಯುವ ಮುಂಚೆ ಒಂದು ತೊಟ್ಟೂ ಬೇಡ ಅಂತ ನೂರಕ್ಕೆ ನೂರು ಹಿಡಿಯುತ್ತಾರೆ, ಅದರಲ್ಲಿ ರಿಯಾಯಿತಿ ಇಲ್ಲ. ಕುಡಿದುಬಿಟ್ಟರೆ ಬೈಗುಳವಿಲ್ಲ, ಹೊರಗೆ ಹಾಕೋದಿಲ್ಲ, ಆದಷ್ಟು ಬೇಗ ವಾಪಸ್ ದಾರಿಗೆ ತರೋದೇ ಕೆಲಸ. ಇದು ಸಡಿಲ ಬಿಡೋದಲ್ವಾ ಅಂತ ನಾನು ಸಮಾಲೋಚಕಿಯನ್ನು ಕೇಳಿದ್ದೆ. ಅವರು ನನ್ನನ್ನೇ ಕೇಳಿದರು, ನಿಮ್ಮ ಗದ್ದೆ ಬದು ಒಂದು ಕಡೆ ಒಡೆದರೆ ಏನು ಮಾಡ್ತೀರಿ? ಓಡಿ ಹೋಗಿ ಮಣ್ಣು ಹಾಕಿ ಕಟ್ಟುತ್ತೇವೆ, ಅಲ್ಲವೇ. ಹೇಗೂ ಒಡೀತು ಅಂತ ಉಳಿದ ಬದುವನ್ನೂ ಗುದ್ದಲಿ ತಗೊಂಡು ಅಗೆಯಲ್ಲ. ಆದರೆ ಕುಡುಕರ ಮನಸ್ಸು ಅಗೆಯುತ್ತೆ. ಮುಳುಗಿದವನಿಗೆ ಚಳಿಯೇನು ಮಳೆಯೇನು ಅಂತ ಒಂದು ಪ್ಯಾಕೆಟ್ ಹೋಗಿ ಎಂಟು ದಿನದ ಕುಡಿತ ಆಗೋದು ಹೀಗೇ. ಆ ಹೊತ್ತಿನಲ್ಲಿ ನಾವು ಬಾಗಿಲು ಹಾಕಿದರೆ ನಾವೂ ಅವನ ಜತೆ ಸೇರಿ ಬದು ಅಗೆದ ಹಾಗೇ.

ಇನ್ನು ಭಾಷೆ. ಈ ಚಿಕಿತ್ಸೆಯಲ್ಲಿ ದಿನಾ ತುಂಬಿಸುವ ಒಂದು ಕಾರ್ಡ್ ಇರುತ್ತೆ, ಡೈರಿ ಕಾರ್ಡ್ ಅಂತ. ಇವತ್ತು ಕುಡಿಯಬೇಕು ಅನ್ನಿಸಿದ್ದು ಎಷ್ಟು, ಗಾಯ ಮಾಡಿಕೊಳ್ಳಬೇಕು ಅನ್ನಿಸಿದ್ದು ಎಷ್ಟು, ಸಿಟ್ಟು ಎಷ್ಟು, ದುಃಖ ಎಷ್ಟು, ಮಾತ್ರೆ ತಗೊಂಡೆಯಾ, ಕಲಿತದ್ದರಲ್ಲಿ ಯಾವುದು ಬಳಸಿದೆ, ಕುಡಿದಿದ್ದರೆ ಎಷ್ಟು. ನಮಗೆ ಕೊಟ್ಟದ್ದು ಇಂಗ್ಲಿಷಿನಲ್ಲಿತ್ತು. ತಮ್ಮ ಹತ್ತನೇ ಕ್ಲಾಸು. ಮೂರು ವಾರ ಖಾಲಿ ಕಾರ್ಡ್ ತೆಗೆದುಕೊಂಡು ಹೋದ. ಅವರು ಅವನಿಗೆ ಮನಸ್ಸಿಲ್ಲ ಅಂದುಕೊಂಡರು, ನಾನೂ ಹಾಗೇ ಅಂದುಕೊಂಡೆ.

ಒಂದು ಭಾನುವಾರ ಊರಿಗೆ ಹೋಗಿದ್ದಾಗ ಅಡುಗೆಮನೆಯಲ್ಲಿ ಕೂತು ಕನ್ನಡಕ್ಕೆ ಮಾಡೋಕೆ ಶುರು ಮಾಡಿದೆ. ಮೊದಲ ಸಾಲಿಗೆ 'ತುಡಿತ' ಅಂತ ಬರೆದೆ. ತಮ್ಮ ನೋಡಿ, "ತುಡಿತ ಅಲ್ಲ ಕಣಕ್ಕ, ಎಳ್ತ. ಯಾರೋ ಅಂಗಿ ಇಡ್ಕಂಡು ಎಳ್ದಂಗಾಯ್ತದೆ" ಅಂದ. 'ಎಳೆತ' ಅಂತ ತಿದ್ದಿದೆ. ಅಷ್ಟರಲ್ಲಿ ಅವ್ವ ಹಾಲು ಹಾಕಿ ಬಂದವಳು ಹೆಗಲ ಮೇಲಿಂದ ಬಗ್ಗಿ ನೋಡಿ, ಡೈರಿ ಕಾರ್ಡು ಅಂತೀರಲ್ಲ, ಇದ್ರಲ್ಲಿ ಫ್ಯಾಟ್ ಎಲ್ಲಿ ಬರೀತಾರೆ ಅಂತ ಕೇಳಿದಳು. ಹಾಲಿನ ಡೈರಿ ಅಂದುಕೊಂಡಿದ್ದಳು. ಅಲ್ಲೇ ದಾರಿ ಸಿಕ್ಕಿತು. ಹಾಲಿನ ಪಾಸ್ ಪುಸ್ತಕ ತೆಗೆದು ಮುಂದೆ ಇಟ್ಟುಕೊಂಡೆವು. ತಾರೀಖು, ಬೆಳಗ್ಗೆ, ಸಂಜೆ, ಎಷ್ಟು ಲೀಟರ್, ಎಷ್ಟು ಫ್ಯಾಟ್. ಅದೇ ಗೆರೆ, ಅದೇ ಅಗಲ. ಲೀಟರ್ ಇದ್ದ ಕಡೆ ಎಳೆತ, ಫ್ಯಾಟ್ ಇದ್ದ ಕಡೆ ಸಿಟ್ಟು, ಎಲ್ಲಾ 0ಯಿಂದ 5ರವರೆಗೆ. ಆ ಪುಸ್ತಕ ಅವನು ಹುಟ್ಟಿದಾಗಿನಿಂದ ನೋಡಿದ್ದು. ಈಗ ಬೆಳಗ್ಗೆ, ಸಂಜೆ ಅವ್ವ ಹಾಲು ಹಾಕಿ ಬಂದು ಅವಳ ಪುಸ್ತಕ ಗೂಡಿನಲ್ಲಿಡುವಾಗ ಇವನು ತನ್ನದನ್ನು ತೆಗೆದು ಬರೆಯುತ್ತಾನೆ. ಆಮೇಲೆ ಒಂದು ವಾರವೂ ಖಾಲಿ ಹೋಗಿಲ್ಲ. ಬದಲಾಯಿಸುವುದು ಅಂದರೆ ನಾನು ಹೇಳುತ್ತಿರುವುದು ಇದನ್ನೇ.

ಕುಡಿದ ದಿನದ ಮಾರನೆಯ ದಿನ ಅವರು ಮಾಡಿಸುವ ಇನ್ನೊಂದು ಕೆಲಸ ಇದೆ. ಕುಡಿದ ಕ್ಷಣದಿಂದ ಹಿಂದಕ್ಕೆ, ಒಂದೊಂದೇ ಕೊಂಡಿ ಹಿಡಿದು ಹೋಗುವುದು. ನಾಲೆ ಏರಿ ಮೇಲೆ ಹಿಂದಕ್ಕೆ ನಡೆದು, ಯಾವ ತೂಬು ತೆಗೆದದ್ದಕ್ಕೆ ಇಲ್ಲಿ ನೀರು ಬಂತು ಅಂತ ನೋಡಿದ ಹಾಗೆ. ಒಂದು ಗುರುವಾರದ್ದು ಹೇಳುತ್ತೇನೆ, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸಂಜೆ ಆರಕ್ಕೆ ಕುಡಿದಿದ್ದ. ಅದಕ್ಕೂ ಮುಂಚೆ ನೂರು ರೂಪಾಯಿ ಸಾಲ ಕೇಳಿದ್ದ. ಅದಕ್ಕೂ ಮುಂಚೆ, ಮೋಟರ್‌ಗೆ ಬುಷ್ ತರೋಕೆ ಹೋಗುವಾಗ ಹತ್ತಿರದ ದಾರಿ ಬಿಟ್ಟು ವೈನ್ ಸ್ಟೋರ್ ಇರುವ ಸರ್ಕಲ್ ಕಡೆ ಹೋಗಿದ್ದ. ಯಾಕೆ ಅಂದರೆ ಸುಮ್ನೆ. ಆ 'ಸುಮ್ನೆ' ಅನ್ನುವ ಜಾಗದಲ್ಲೇ ಸಮಾಲೋಚಕಿ ಬಹಳ ಹೊತ್ತು ನಿಂತರು. ಅದಕ್ಕೂ ಮುಂಚೆ ಮಧ್ಯಾಹ್ನ ಊಟ ಮಾಡಿರಲಿಲ್ಲ. ಊಟ ಬಿಟ್ಟದ್ದು ಗೆಳೆಯ ಎರಡು ಸಲ ಫೋನ್ ಕಟ್ ಮಾಡಿದ್ದಕ್ಕೆ. ಗೆಳೆಯನಿಗೆ ಫೋನ್ ಮಾಡಿದ್ದು ಬೆಳಗ್ಗೆ ಮನಸ್ಸು ಕೆಟ್ಟಿದ್ದಕ್ಕೆ. ಬೆಳಗ್ಗೆ ಮನಸ್ಸು ಕೆಟ್ಟದ್ದು ನನ್ನ ಮಾತಿಗೆ. ಮಾತ್ರೆ ತಗೊಂಡ್ಯಾ ಅಂತ ಕೇಳಿ, ಅವನು ಹೂಂ ಅಂದ ಮೇಲೂ, ಅವ್ವನಿಗೆ ಫೋನ್ ಕೊಡು ಅಂದಿದ್ದೆ. ಎದುರಿಗೆ ಕೂತು ಅದು ಕೇಳಿಸಿಕೊಳ್ಳುವಾಗ ನನಗೆ ಕಣ್ಣಲ್ಲಿ ನೀರು ಬಂತು. ತಪ್ಪು ಯಾರದ್ದು ಅಂತ ಅವರು ಹೇಳಲಿಲ್ಲ. ಮುಂದಿನ ಸಲ ಯಾವ ತೂಬು ಮುಚ್ಚೋದು ಸುಲಭ ಅಂತ ಕೇಳಿದರು. ಊಟ ಬಿಡದಿರುವುದು ಅಂತ ಅವನು, ಪೊಲೀಸರ ಹಾಗೆ ಕೇಳದಿರುವುದು ಅಂತ ನಾನು ಒಪ್ಪಿಕೊಂಡೆವು.

ಎಳೆತ ಬಂದಾಗ ಏನು ಮಾಡೋದು ಅನ್ನೋದಕ್ಕೂ ಪಾಠ ಇದೆ. ಎಳೆತ ಏರುತ್ತೆ, ತುದಿ ಮುಟ್ಟುತ್ತೆ, ಇಳಿಯುತ್ತೆ, ಅದರ ಜತೆ ಜಗಳ ಆಡದೆ ನೋಡುತ್ತಾ ಇರು ಅಂತ. ಪುಸ್ತಕದಲ್ಲಿ ಇದಕ್ಕೆ ಸಮುದ್ರದ ಅಲೆ ಕೊಟ್ಟಿದ್ದಾರೆ. ನನ್ನ ತಮ್ಮ ಸಮುದ್ರ ನೋಡಿಲ್ಲ. ನಾಲೆಗೆ ಕಟ್ಟು ನೀರು ಬಿಟ್ಟ ಹಾಗೆ ಅಂದುಕೊಂಡ. ಬಿಟ್ಟಾಗ ಏರಿ ತನಕ ಬರುತ್ತೆ, ನಿಲ್ಲಿಸಿದ ಮೇಲೆ ತಾನೇ ಇಳಿಯುತ್ತೆ. ತೀರಾ ಜೋರಾದಾಗ ಬಕೆಟ್ಟಿನ ತಣ್ಣೀರಿಗೆ ಮುಖ ಅದ್ದಿ ಉಸಿರು ಹಿಡಿದು ಅರ್ಧ ನಿಮಿಷ ಇರುತ್ತಾನೆ. ಇದು ಮೂಢನಂಬಿಕೆ ಅಲ್ಲ. ತಣ್ಣೀರು ಮುಖಕ್ಕೆ ತಾಗಿ ಉಸಿರು ನಿಂತಾಗ ಎದೆಬಡಿತ ತಾನಾಗೇ ಇಳಿಯುತ್ತೆ, ದೇಹದ ಗುಣ ಅದು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು.

ಇನ್ನು ನಮ್ಮ ಕಡೆಯ ಬೀಗರೂಟ, ಮಾರಿಹಬ್ಬ, ಹಿರಿಯರಿಗೆ ಎಡೆ ಇಡುವ ಹಬ್ಬ. ಎಡೆಯಲ್ಲೇ ಬಾಟಲಿ ಇಡುವ ಮನೆಗಳಿವೆ. ಯಾವ ಇಂಗ್ಲಿಷ್ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಇರುತ್ತೆ? ದೊಡ್ಡಪ್ಪನ ಮಗಳ ಗಂಡ, ಅವನಿಗೆ ಬಾವ, ಪ್ರತಿ ಸಲ ಕೈಗೆ ಲೋಟ ಕೊಟ್ಟು, ಇವತ್ತೊಂದಿನ ನನ್ನ ಮರ್ಯಾದೆಗೆ ಅನ್ನುತ್ತಾರೆ. ಬೇಡ ಅಂದರೆ ಅವರಿಗೆ ಅವಮಾನ, ಕುಡಿದರೆ ಇವನು ಹೋದ. ಹಿಂದಿನ ರಾತ್ರಿ ನಮ್ಮ ಜಗಲಿ ಮೇಲೆ ನಾನೇ ಬಾವ ಆಗಿ ಲೋಟ ಹಿಡಿದು ನಿಂತೆ, ಅವನು ಹೇಳಿ ಅಭ್ಯಾಸ ಮಾಡಿದ. "ಬಾವ, ಮಾತ್ರೆ ತಗತಾ ಇವ್ನಿ, ಕುಡುದ್ರೆ ಆಸ್ಪತ್ರೆ ಸೇರ್ಬೇಕಾಯ್ತದೆ. ಮುದ್ದೆ ಇಕ್ಸಿ, ಎಷ್ಟಾರ ಉಣ್ತೀನಿ." ನಾಲ್ಕು ಸಲ ಹೇಳಿದ ಮೇಲೆ ದನಿ ಗಟ್ಟಿಯಾಯಿತು. ಮಾರನೆಯ ದಿನ ಬಾವ ಒಂದು ಸಲ ನೋಡಿ, ಸರಿ ಬುಡು ಅಂದರಂತೆ.

ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಸಾಲಕ್ಕೆ ಪ್ಯಾಕೆಟ್ ಕೊಡುತ್ತಿದ್ದರು. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆಯಿತು, ನಿಜ. ಆದರೆ ಹಳ್ಳಿಯ ಪೆಟ್ಟಿಗೆ ಅಂಗಡಿಗಳಲ್ಲಿ ಅಗ್ಗದ ವಿಸ್ಕಿ ಪ್ಯಾಕೆಟ್ ಸಿಗೋದು ಎಲ್ಲರಿಗೂ ಗೊತ್ತು. ಅವ್ವ ಮತ್ತು ತಮ್ಮ ಇಬ್ಬರೂ ಹೋಗಿ ಬಾಕಿ ತೀರಿಸಿ, ಸಾಲದ ಪುಸ್ತಕದಲ್ಲಿ ಹೆಸರು ಹೊಡೆಸಿ, ಇನ್ನು ಮೇಲೆ ಇವನು ಕೇಳಿದರೂ ಕೊಡಬೇಡಿ ಅಂತ ಅವನ ಬಾಯಲ್ಲೇ ಹೇಳಿಸಿ ಬಂದರು. ವಾಪಸ್ ಹೋಗುವ ಸೇತುವೆ ಸುಡುವುದು ಅಂತ ಡಿಬಿಟಿಯಲ್ಲಿ ಇದಕ್ಕೆ ಹೆಸರಂತೆ.

ಎರಡನೇ ವರ್ಷ ಒಂದು ಸಲ ಮೂರು ವಾರ ಬೆಂಗಳೂರಿಗೆ ಹೋಗಲೇ ಇಲ್ಲ. ಹಳೆಯ ಕೇಂದ್ರ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸಮಾಲೋಚಕಿ ಅವನಿಗೆ ಫೋನ್ ಮಾಡಿದರು, ಎತ್ತಲಿಲ್ಲ. ಊಟ ಆಯ್ತಾ ಅಂತ ಒಂದು ವಾಯ್ಸ್ ಮೆಸೇಜ್ ಬಿಟ್ಟರು. ಅವ್ವನಿಗೆ ಫೋನ್ ಮಾಡಿದರು. ನಾಲ್ಕನೇ ದಿನ ನಾಲೆ ಏರಿ ಮೇಲೆ ಕೂತು ಅವನೇ ವಾಪಸ್ ಫೋನ್ ಮಾಡಿದ, ಹದಿನೈದೇ ನಿಮಿಷ ಮಾತಾಡಿದರು, ಅದನ್ನೇ ಆ ವಾರದ ಭೇಟಿ ಅಂತ ಲೆಕ್ಕಕ್ಕೆ ಹಿಡಿದರು. ಮುಂದಿನ ವಾರ ಬೆಳಗಿನ ರೈಲು ಹತ್ತಿದ.

ಇದೆಲ್ಲ ಮಂತ್ರದ ಹಾಗೆ ಕೆಲಸ ಮಾಡಿತು ಅಂತ ಯಾರೂ ತಿಳಿಯಬಾರದು. ಈ ಎರಡೂವರೆ ವರ್ಷದಲ್ಲಿ ಐದು ಸಲ ತಪ್ಪಿದ್ದಾನೆ. ಮೊದಲನೆಯದು ಹನ್ನೊಂದು ದಿನ ನಡೆಯಿತು, ಕೊನೆಯದು ಒಂದು ಸಂಜೆ. ಗಾಯ ಮಾಡಿಕೊಂಡು ಒಂದು ವರ್ಷದ ಮೇಲಾಯಿತು. ಔಷಧಿ ಈಗಲೂ ಇದೆ. ಓದುಗರಲ್ಲಿ ಯಾರಿಗಾದರೂ ಮನೆಯಲ್ಲಿ ಇಂಥವರಿದ್ದರೆ ಎರಡು ಮಾತು ಹೇಳಲೇಬೇಕು. ದಿನಾ ಜಾಸ್ತಿ ಕುಡಿಯುವವರನ್ನು ರೂಮಿಗೆ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಬಿಟ್ಟ ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಇಲ್ಲದ್ದು ಕಂಡು, ಫಿಟ್ಸ್ ಬಂದು ಜೀವವೇ ಹೋಗಬಹುದು, ಅದಕ್ಕೆ ಮೊದಲು ಆಸ್ಪತ್ರೆಯೇ ಬೇಕು. ಇನ್ನೊಂದು, ಕುಡಿದರೆ ವಾಂತಿ ಬರಿಸುವ ಮಾತ್ರೆಯನ್ನು ಅವರಿಗೆ ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಬೆರೆಸಬೇಡಿ. ಪ್ರಾಣಕ್ಕೆ ಅಪಾಯ, ನಂಬಿಕೆಗೂ. ಯಾರೋ ಹೇಳಿದರು ಅಂತ ನಮ್ಮ ಮನೆಯಲ್ಲೂ ಆ ಯೋಚನೆ ಬಂದಿತ್ತು.

ಬೆಂಗಳೂರಿಗೆ ಹೋಗಿಬರೋಕೆ ನಮಗೆ ಪ್ರತಿ ವಾರ ಒಂದು ದಿನದ ಕೂಲಿ, ನನಗೊಂದು ರಜೆ. ಎಲ್ಲರಿಗೂ ಆಗುವ ಮಾತಲ್ಲ ಇದು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಅಂಥದ್ದರಲ್ಲಿ ಎರಡನೇ ಸಲ ಹಾಸಿಗೆ ಕೊಡಬಾರದು ಅಂದರೆ ಸಿಕ್ಕ ಆ ಒಬ್ಬನನ್ನೂ ಕಳೆದುಕೊಳ್ಳುತ್ತೇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಅನ್ನುವ ಮಾತಿನೊಳಗೇ ಮದ್ಯ ಮತ್ತು ಮಾದಕ ವಸ್ತುವಿನಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ, ಸರ್ಕಾರದ ಸೇವೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನೂ ಅದು ಕೊಟ್ಟಿದೆ. ಹಾಗಿರುವಾಗ 'ಇದು ಕುಡಿತ, ಆ ಕಡೆ ಹೋಗಿ', 'ಇದು ಮನೋರೋಗ, ಈ ಕಡೆ ಬನ್ನಿ' ಅನ್ನೋಕೆ ಯಾರಿಗೂ ಅಧಿಕಾರ ಇಲ್ಲ ಅಂತ ನಾನು ನಂಬಿದ್ದೇನೆ.

ನಾನು ಕೇಳುವುದು ಹೊಸ ಕಟ್ಟಡ ಅಲ್ಲ. ಮಂಡ್ಯದಲ್ಲೂ ಮೈಸೂರಿನಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಜಿಲ್ಲೆಗೊಂದು ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಅಲ್ಲಿ ವಾರಕ್ಕೆ ಒಂದು ದಿನ, ಕುಡಿತವೂ ಮನಸ್ಸಿನ ಕಾಯಿಲೆಯೂ ಎರಡೂ ಇರುವವರಿಗೆ ಕನ್ನಡದಲ್ಲಿ ಒಂದು ಗುಂಪಿನ ಪಾಠ ಶುರು ಮಾಡಿ. ಬರದವರಿಗೆ ಫೋನ್ ಮಾಡುವುದನ್ನು ಒಬ್ಬರ ಕೆಲಸ ಅಂತ ಬರೆದು ಕೊಡಿ. ಹಳ್ಳಿಯಲ್ಲಿ ಯಾರು ಮನೆಯಲ್ಲಿದ್ದಾರೆ, ಯಾರು ಊರು ಬಿಟ್ಟಿದ್ದಾರೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುವಷ್ಟು ಯಾವ ವೈದ್ಯರಿಗೂ ಗೊತ್ತಿರಲ್ಲ, ಅವರಿಗೆ ತರಬೇತಿಯನ್ನೂ ಹಣವನ್ನೂ ಕೊಟ್ಟು ಜತೆಗೆ ಸೇರಿಸಿಕೊಳ್ಳಿ, ಬಿಟ್ಟಿ ಕೆಲಸ ಹೇರಬೇಡಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರದ ನಂತರ, ಕುಡಿತ ಬಿಟ್ಟವರ ನವಜೀವನ ಸಮಿತಿಗಳು ಸೇರುತ್ತವೆ. ಊರಿನ ಜನರೇ ಊರಿನವರನ್ನು ಹಿಡಿದುಕೊಳ್ಳುವ ಆ ಕ್ರಮ ದೊಡ್ಡ ಕೆಲಸ. ಅಂಥ ಗುಂಪುಗಳಲ್ಲಿ ನಿಲ್ಲಲಾಗದೆ ಜಗಳವಾಡಿ ಎದ್ದು ಹೋಗುವವರು ಇದ್ದೇ ಇರುತ್ತಾರೆ, ಅವರಿಗೆ ಮನಸ್ಸಿನ ಚಿಕಿತ್ಸೆಯೂ ಬೇಕಾಗಿರಬಹುದು ಅಂತ ಗುರುತಿಸಿ ಆಸ್ಪತ್ರೆಗೆ ಕಳಿಸುವ ದಾರಿ ಒಂದಿದ್ದರೆ ಎಷ್ಟೋ ಮನೆ ಉಳಿಯುತ್ತವೆ. ಖಾಸಗಿ ಕೇಂದ್ರಗಳಿಗೆ ಪರವಾನಗಿ ಕೊಡುವವರು, ತಪ್ಪಿ ಕುಡಿದ ಕಾರಣಕ್ಕೆ ರೋಗಿಯನ್ನು ಬೀದಿಗೆ ಹಾಕಿದ್ದೀರಾ ಅಂತ ಒಂದು ಪ್ರಶ್ನೆ ಕೇಳಲಿ.

ಅಲ್ಲಿಯ ತನಕ, ರಾತ್ರಿ ಹೊತ್ತಲ್ಲಿ ಏನೂ ತೋಚದಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೆಂದೇ 14446 ಇದೆ. ಈ ಎರಡು ನಂಬರ್ ನಮ್ಮ ಮನೆಯಲ್ಲಿ ಹಾಲಿನ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದಿದೆ.

ನಾವು ಗೆರೆ ಹಾಕಿದ ಆ ಕನ್ನಡ ಕಾರ್ಡಿನ ಖಾಲಿ ಪ್ರತಿ ಒಂದನ್ನು ಈ ಪತ್ರದ ಜತೆ ಇಟ್ಟಿದ್ದೇನೆ. ಬೆಂಗಳೂರಿನ ಸಮಾಲೋಚಕಿ ನೋಡಿ, ತಿದ್ದಿ, ಸರಿ ಇದೆ ಅಂದಿದ್ದಾರೆ. ಪ್ರಕಟಿಸಲು ಜಾಗ ಇಲ್ಲದಿದ್ದರೆ ನಿಮ್ಮ ಕಚೇರಿಯಲ್ಲೇ ಇರಲಿ. ಯಾವುದೇ ಆಸ್ಪತ್ರೆಯವರು, ಕೇಂದ್ರದವರು, ಮನೆಯವರು ಬಂದು ಕೇಳಿದರೆ ಝೆರಾಕ್ಸ್ ಮಾಡಿಸಿಕೊಳ್ಳಲು ಕೊಡಿ. 'ಎಳೆತ' ಅನ್ನುವ ಪದವನ್ನು ಮಾತ್ರ ಬದಲಾಯಿಸಬೇಡಿ ಅಂತ ತಮ್ಮ ಹೇಳಿದ್ದಾನೆ.

ಹೆಸರು ಪ್ರಕಟಿಸಬೇಡಿ ಎಂದು ಕೋರುತ್ತೇನೆ.

ಒಬ್ಬ ಅಕ್ಕ,
ಮಂಡ್ಯ